ತಾಳ ತಪ್ಪಿದ ಧಾರೆ

ಕೇಯಾಸ್ ಸಿದ್ಧಾಂತ ಅಂದ ಕೂಡಲೇ ಎಲ್ಲರೂ ಒಂದು ಚಿಟ್ಟೆಯನ್ನು ಹಿಡಿದುಕೊಂಡು ಬರುತ್ತಾರೆ. ಎಲ್ಲೋ ಒಂದು ಚಿಟ್ಟೆ ರೆಕ್ಕೆ ಬಡಿಯಿತಂತೆ, ಇನ್ನೆಲ್ಲೋ ಬಿರುಗಾಳಿ ಎದ್ದಿತಂತೆ. ಸಭೆಯಲ್ಲಿ ಕೂತವರು ಆಹಾ ಎಂದು ತಲೆದೂಗುತ್ತಾರೆ, ಚಾ ಕುಡಿದು ಮನೆಗೆ ಹೋಗುತ್ತಾರೆ. ನನಗೆ ಆ ಚಿಟ್ಟೆಯನ್ನು ಕಂಡರಾಗುವುದಿಲ್ಲ. ಜೀವಮಾನವೆಲ್ಲ ಗಣಿತ ಕಲಿಸಿ ತಲೆ ಬೆಳ್ಳಗಾದವಳು ನಾನು. ಯಾರಾದರೂ ನನ್ನೆದುರು ಚಿಟ್ಟೆ ತೆಗೆದರೆ ಎದ್ದು ಬಂದುಬಿಡುತ್ತೇನೆ. ಈ ವಿಷಯ ನನಗೆ ಮೊದಲು ಗೊತ್ತಾದದ್ದು ದೇವರ ನೆತ್ತಿಯ ಮೇಲೆ ತೊಟ್ಟಿಕ್ಕುವ ನೀರಿನಿಂದ. ಅದರಿಂದಲೇ ನಮ್ಮ ಮನೆ ಹೋಯಿತು.

ಹೊನ್ನಾವರದಿಂದ ಕುಮಟೆಗೆ ಹೋಗುವ ದಾರಿಯಲ್ಲಿ, ಕರ್ಕಿ ದಾಟಿದ ಮೇಲೆ ಸಮುದ್ರದ ಬದಿಗೆ ಇಳಿದರೆ ಒಂದು ಸಣ್ಣ ಈಶ್ವರ ದೇವಸ್ಥಾನ. ಅಪ್ಪಯ್ಯ ಅಲ್ಲಿಯ ಪೂಜೆ ಭಟ್ಟ. ನಮ್ಮವರಲ್ಲಿ ಉಳಿದವರಿಗೆಲ್ಲ ತೋಟ ಇತ್ತು, ನಮಗೆ ಒಂದು ಅಡಿಕೆ ಮರವೂ ಇರಲಿಲ್ಲ. ಇದ್ದದ್ದು ದೇವಸ್ಥಾನದ ಹಿಂದೆ ಹಂಚಿನ ಮನೆ, ಅದೂ ದೇವಸ್ಥಾನದ್ದು. ಪೂಜೆ ಇದ್ದಷ್ಟು ದಿನ ಮನೆ, ಪೂಜೆ ಹೋದರೆ ಮನೆಯೂ ಹೋಯಿತು. ಇದನ್ನು ಆಯಿ ನನಗೆ ಅನ್ನ ಕಲಸಿ ಕೊಡುವಾಗಲೇ ಹೇಳಿ ಹೇಳಿ ತಲೆಗೆ ಹಾಕಿದ್ದಳು.

ಶಿವಲಿಂಗದ ಮೇಲೆ ಧಾರಾಪಾತ್ರೆ ತೂಗುಹಾಕುವುದು ಎಲ್ಲ ಕಡೆ ಇದೆ. ತಾಮ್ರದ ಪಾತ್ರೆ, ಅಡಿಯಲ್ಲಿ ಸಣ್ಣ ತೂತು, ತೂತಿನಲ್ಲಿ ದರ್ಭೆಯ ಎಳೆ. ಎಳೆಗುಂಟ ನೀರು ಹನಿಹನಿಯಾಗಿ ದೇವರ ಮೇಲೆ ಬೀಳುತ್ತದೆ. ನಮ್ಮಲ್ಲಿ ಮಾತ್ರ ಇನ್ನೊಂದು ಕಟ್ಟಲೆ ಇತ್ತು. ವಿಶೇಷ ಜಪದ ದಿನ ಹೊರಗಿನ ಕಟ್ಟೆಯಲ್ಲಿ ಸಾಲಾಗಿ ಕೂತ ಭಟ್ಟರು ಆ ಹನಿಯ ಸಪ್ಪಳಕ್ಕೆ ಸರಿಯಾಗಿ ಜಪ ಮಾಡಬೇಕು. ಒಂದು ಹನಿ, ಒಂದು ನಮಃ. ಗರ್ಭಗುಡಿಯ ಕಲ್ಲಿನಲ್ಲಿ ಆ ಟಪ್ ಎನ್ನುವ ಸದ್ದು ದೊಡ್ಡದಾಗಿ ಕೇಳುತ್ತಿತ್ತು. ಅಪ್ಪಯ್ಯ ಕಟ್ಟಿದ ಧಾರೆಯ ತಾಳಕ್ಕೆ ಯಕ್ಷಗಾನದ ಮದ್ದಳೆಯವರೂ ತಲೆಬಾಗುತ್ತಿದ್ದರು. "ಭಟ್ರ ಮಡಿ ಅಂದ್ರೆ ಮಡಿ, ಹನಿಯೂ ಹೇಳಿದ ಮಾತು ಕೇಳ್ತದೆ" ಎಂದು ಊರಿನವರು ಹೇಳುವಾಗ ಅಪ್ಪಯ್ಯ ನಗುತ್ತಿರಲಿಲ್ಲ, ಅಲ್ಲ ಎನ್ನುತ್ತಲೂ ಇರಲಿಲ್ಲ. ಅವನ ಜೀವಮಾನದ ಹೆಮ್ಮೆಯೆಲ್ಲ ಆ ಹನಿಯಲ್ಲಿತ್ತು.

ನನಗೆ ಗರ್ಭಗುಡಿಯ ಒಳಗೆ ಹೋಗಲು ಬಿಡುತ್ತಿರಲಿಲ್ಲ. ಹೆಣ್ಣು ಹುಟ್ಟಿದ್ದಕ್ಕೆ ಹೊರಗೆ ಕಂಬಕ್ಕೆ ಒರಗಿ ಕೂತು ಕೇಳುವುದಷ್ಟೇ ನನ್ನ ಪಾಲು. ನೋಡಲು ಬಿಡದಿದ್ದರೆ ಕಿವಿ ಚುರುಕಾಗುತ್ತದೆ. ಸಪ್ಪಳ ಕೇಳಿಯೇ ಪಾತ್ರೆಯಲ್ಲಿ ನೀರು ಎಷ್ಟಿದೆ ಎಂದು ನಾನು ಹೇಳುತ್ತಿದ್ದೆ. ತುಂಬಿದಾಗ ಸ್ವಲ್ಪ ಬೇಗ, ಇಳಿಯುತ್ತ ಬಂದಂತೆ ನಿಧಾನ.

ಅರವತ್ತರ ದಶಕ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ನಾನು ಬಸ್ಸಿನಲ್ಲಿ ಕುಮಟೆಗೆ ಹೋಗಿ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದೆ. ಆ ವರ್ಷ ಮಳೆ ಹಿಡಿಯಲೇ ಇಲ್ಲ. ಬಿತ್ತಿದ ಭತ್ತ ಗದ್ದೆಯಲ್ಲಿ ಕೆಂಪಾಗುತ್ತ ಬಂತು, ಬಾವಿಯ ನೀರು ಉಪ್ಪಾಯಿತು. ಆಗ ದೇವಸ್ಥಾನದ ಮೊಕ್ತೇಸರರು ಪರ್ಜನ್ಯ ಜಪ ಇಡಿಸಿದರು. ತೆಂಗಿನಕಾಯಿ ವ್ಯಾಪಾರದಲ್ಲಿ ಮುಂದೆ ಬಂದ ಮನುಷ್ಯ, ಊರಿಗೆಲ್ಲ ದೊಡ್ಡವರು, ಅದನ್ನು ಊರು ಮರೆಯದಂತೆ ನೋಡಿಕೊಳ್ಳುವುದೂ ಅವರಿಗೆ ಗೊತ್ತಿತ್ತು. ಜಪಕ್ಕೆಂದು ಒಂದು ಹೊಸ ಧಾರಾಪಾತ್ರೆ ಮಾಡಿಸಿಕೊಟ್ಟರು. ಹಳೆಯದರ ಮೂರು ಪಟ್ಟು ಎತ್ತರ, ಥಳಥಳ ಹೊಳೆಯುವ ತಾಮ್ರ, ಕಂಠದ ಸುತ್ತ ತಂದೆಯ ಹೆಸರು ಕೆತ್ತಿಸಿದ್ದರು. ಹಳೆಯ ಪಾತ್ರೆಯನ್ನು ನಮ್ಮ ಮನೆಯ ಬಚ್ಚಲ ಮೂಲೆಗೆ ತಳ್ಳಿದರು.

ಜಪ ಶುರುವಾದ ದಿನ ನಾನು ಎಂದಿನಂತೆ ಕಂಬದ ಹತ್ತಿರ ಕೂತಿದ್ದೆ. ಕಟ್ಟೆಯ ಮೇಲೆ ಹತ್ತಾರು ಭಟ್ಟರು, ಅಂಗಳದ ತುಂಬ ಜನ. ಅಪ್ಪಯ್ಯ ದರ್ಭೆ ಕಟ್ಟಿ, ಹೊಸ ಪಾತ್ರೆಯನ್ನು ಕಂಠದವರೆಗೆ ತುಂಬಿಸಿ ಹೊರಗೆ ಬಂದ. ಹನಿ ಬೀಳತೊಡಗಿತು. ಟಪ್, ಟಪ್ಟಪ್, ಒಂದಿಷ್ಟು ಹೊತ್ತು ಏನೂ ಇಲ್ಲ, ಟಪ್. ಭಟ್ಟರು ಒಬ್ಬರ ಮುಖ ಒಬ್ಬರು ನೋಡಿದರು. ಅರ್ಧ ಜನ ನಮಃ ಎಂದರೆ ಅರ್ಧ ಜನ ಬಾಯಿ ತೆರೆದು ಕಾಯುತ್ತಿದ್ದರು. ಅಪ್ಪಯ್ಯ ಒಳಗೆ ಹೋಗಿ ದರ್ಭೆ ಸರಿಮಾಡಿ ಬಂದ; ಮತ್ತೆ ಅದೇ ಹಾಡು. ಒಂದೆಳೆ ಹೆಚ್ಚಿಗೆ ತುರುಕಿದರೆ ಹನಿ ನಿಂತೇ ಹೋಯಿತು. ಜಪ ಅಲ್ಲಿಗೇ ಮುರಿದುಬಿತ್ತು. ಅಂಗಳದಲ್ಲಿ ಗುಜುಗುಜು ಎದ್ದಿತು, ಯಾರೋ ಹೆಂಗಸು ಅತ್ತಳು. ಬಾವಿಯಲ್ಲಿ ನೀರಿಲ್ಲದವಳಿಗೆ ಅಳು ಬಾರದೆ ಇರುತ್ತದೆಯೆ?

"ಎಂತ ಭಟ್ರೆ, ಇದು ಎಂತ ಕತೆ?" ಮೊಕ್ತೇಸರರು ಎಲ್ಲರೆದುರು ಕೇಳಿದರು. "ನಿಮ್ಮ ಕೈಯ ಧಾರೆ ತಪ್ಪೂದು ಅಂದ್ರೆ ಎಂತ? ಮಡಿಯಲ್ಲಿ ಏನೋ ಹೆಚ್ಚುಕಮ್ಮಿ ಆಗದೆ ಹೀಂಗೆ ಆಗೂದುಂಟಾ?"

ಅಪ್ಪಯ್ಯನ ಮುಖ ಬಿಳಿಚಿಹೋಯಿತು. ಮರುದಿನವೂ ಅದೇ ಆಯಿತು. ಮೂರನೆಯ ದಿನ ಮೊಕ್ತೇಸರರು ಮಾತು ಮುಗಿಸಿದರು: ಬರುವ ಸೋಮವಾರ ಊರವರ ಸಭೆ, ತಪ್ಪು ಭಟ್ಟರದ್ದು ಎಂದಾದರೆ ಪೂಜೆ ಬೇರೆಯವರಿಗೆ, ಮನೆಯನ್ನೂ ಬಿಡಬೇಕು. ಆಯಿ ಅಂದಿನಿಂದಲೇ ಕಪಾಟಿನ ಪಾತ್ರೆಗಳನ್ನು ಸುಮ್ಮಸುಮ್ಮನೆ ಕೆಳಗಿಳಿಸಿ ಒರೆಸತೊಡಗಿದಳು.

ನನ್ನ ತಲೆ ಕೆಟ್ಟುಹೋಗಿತ್ತು. ಮೊಕ್ತೇಸರರ ಮೇಲೆ ಸಿಟ್ಟು, ಕುರಿಯ ಹಾಗೆ ತಲೆಯಾಡಿಸುವ ಊರವರ ಮೇಲೆ ಸಿಟ್ಟು, ಬಾಯಿ ಹೊಲಿದುಕೊಂಡ ಅಪ್ಪಯ್ಯನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಪಾತ್ರೆ ಬದಲಾದ ದಿನವೇ ಧಾರೆ ತಪ್ಪಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲವೆ? ನೀರಿನ ಎತ್ತರ ಹೆಚ್ಚಿದರೆ ಒತ್ತಡ ಹೆಚ್ಚು, ಹನಿ ಬೇಗ ಬೀಳುತ್ತದೆ. ಅಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ. ಬೇಗ ಬಿದ್ದರೆ ಬೇಗದ ತಾಳದಲ್ಲಿ ಬೀಳಬೇಕು. ತಾಳವೇ ಯಾಕೆ ತಪ್ಪಬೇಕು?

ಕುಮಟೆಯಲ್ಲಿ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬ್ಯುರೆಟ್ ಇರುತ್ತದೆ. ಉದ್ದನೆಯ ಗಾಜಿನ ಕೊಳವೆ, ಅಡಿಯಲ್ಲಿ ತಿರುವಿ ಹನಿ ಬಿಡುವ ಒಂದು ಬಿರಡೆ. ಮರುದಿನ ನಾನು ಮಾಡಬೇಕಾದ ಪ್ರಯೋಗ ಬಿಟ್ಟು ಬ್ಯುರೆಟ್ಟಿನಲ್ಲಿ ನೀರು ತುಂಬಿ ಹನಿ ಕೇಳುತ್ತ ಕೂತೆ. ಬಿರಡೆಯನ್ನು ಕೂದಲೆಳೆಯಷ್ಟು ತೆರೆದರೆ ಹನಿ ಗಡಿಯಾರದ ಹಾಗೆ ಬಿತ್ತು. ಇನ್ನಷ್ಟು ತಿರುವಿದೆ, ಬೇಗ ಬಿತ್ತು, ಆದರೂ ಸಮವಾಗಿತ್ತು. ಇನ್ನೂ ಸ್ವಲ್ಪ ತಿರುವಿದಾಗ ನನ್ನ ಕಿವಿ ನೆಟ್ಟಗಾಯಿತು. ಹನಿಗಳು ಜೋಡಿ ಕಟ್ಟಿಕೊಂಡಿದ್ದವು. ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ. ಮತ್ತೂ ತಿರುವಿದರೆ ಆ ಜೋಡಿಗಳೇ ಎರಡೆರಡು ಸೇರಿ ನಾಲ್ಕರ ಗುಂಪಾದಂತೆ ಕೇಳಿತು. ಅದರ ಮೇಲೆ ಒಂದಿಷ್ಟು ತಿರುವಿದರೆ ಎಲ್ಲ ಕಲಸಿಹೋಯಿತು, ದೇವಸ್ಥಾನದಲ್ಲಿ ಕೇಳಿದ್ದೇ ಇಲ್ಲೂ ಕೇಳಿತು. ಇಲ್ಲಿ ದೇವರಿಲ್ಲ, ದರ್ಭೆಯಿಲ್ಲ, ಮಡಿ ಮೊದಲೇ ಇಲ್ಲ.

ಪ್ರೊಫೆಸರರನ್ನು ಕರೆದು ತೋರಿಸಿದೆ. ಧಾರವಾಡದ ಕಡೆಯವರು, ಹುಡುಗಿಯರು ಲ್ಯಾಬಿಗೆ ಬರುವುದೇ ಗಾಜು ಒಡೆಯುವುದಕ್ಕೆ ಎಂದು ನಂಬಿದವರು. ಅವರು ಬಗ್ಗಿ ಕೂಡ ನೋಡಲಿಲ್ಲ.

"ಬ್ಯುರೆಟ್ ಸರಿ ತೊಳದಿಲ್ಲ ನೀ. ತುದಿಗೆ ಜಿಡ್ಡು ಐತಿ. ತೊಳಕೊಂಡ್ ಬಾ ಹೋಗು."

"ತೊಳೆದಿದ್ದೇನೆ ಸರ್. ನಿಧಾನ ಬಿಟ್ಟರೆ ಸರಿಯಾಗಿಯೇ ಬೀಳುತ್ತದೆ. ಜಿಡ್ಡಿದ್ದರೆ ಆಗಲೂ ತಪ್ಪಬೇಕಲ್ಲ?"

"ನನಗ ಕಲಸಾಕ ಬರಬ್ಯಾಡ. ಒಂದ ನಿಯಮ ಇದ್ದಲ್ಲಿ ಒಂದ ಉತ್ತರ. ಉತ್ತರ ದಿನಾ ಬ್ಯಾರೆ ಬಂದ್ರ ಅದು ಹೊಲಸ ಕೈಯ ತಪ್ಪು."

ಒಬ್ಬರು ಭಟ್ಟ ತೊಳೆದುಕೊಂಡಿಲ್ಲ ಎಂದರು, ಇನ್ನೊಬ್ಬರು ಬ್ಯುರೆಟ್ ತೊಳೆದಿಲ್ಲ ಎಂದರು. ಒಬ್ಬರು ಕಾಯಿ ವ್ಯಾಪಾರಿ, ಒಬ್ಬರು ವಿಜ್ಞಾನದ ಪದವಿ ಪಡೆದವರು. ಲೆಕ್ಕಕ್ಕೆ ಸಿಕ್ಕದ್ದು ಕಂಡರೆ ಇಬ್ಬರಿಗೂ ಹೊಳೆಯುವುದು ಕೊಳೆಯೊಂದೇ. ನಾನು ಹಲ್ಲು ಕಚ್ಚಿ ಬ್ಯುರೆಟ್ಟನ್ನು ಅವರೆದುರೇ ಮೂರು ಸಲ ತೊಳೆದೆ. ಅವರು ಆಗಲೇ ಬೇರೆ ಮೇಜಿಗೆ ಹೋಗಿದ್ದರು.

ಮನೆಗೆ ಬಂದು ಒಂದು ಸೀಮೆಎಣ್ಣೆಯ ಉದ್ದ ಡಬ್ಬಿ ಹುಡುಕಿದೆ, ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದೆ, ಯಾವನೂ ಜಿಡ್ಡು ಎನ್ನಬಾರದು ಎಂದು. ಅಡಿಯಲ್ಲಿ ಮೊಳೆಯಿಂದ ತೂತು ಹೊಡೆದು, ದರ್ಭೆಯ ಎಳೆ ಇಳಿಸಿ, ಹಿತ್ತಲಿನ ನುಗ್ಗೆ ಮರಕ್ಕೆ ಕಟ್ಟಿದೆ. ಕೆಳಗೆ ಹಿತ್ತಾಳೆ ಬಟ್ಟಲು ಇಟ್ಟೆ. ತುಂಬಿದ ಡಬ್ಬಿಯಲ್ಲಿ ತಾಳವೇ ಇಲ್ಲ. ನೀರು ಇಳಿಯುತ್ತ ಬಂದಾಗ ಜೋಡಿ ಕಟ್ಟಿತು. ಇನ್ನೂ ಇಳಿದಾಗ ಅಪ್ಪಯ್ಯನ ಧಾರೆಯ ಹಾಗೆಯೇ ಒಂದೊಂದಾಗಿ, ಸಮವಾಗಿ ಬಿತ್ತು. ಮತ್ತೆ ತುಂಬಿದೆ, ಮತ್ತೆ ಅದೇ ಕ್ರಮ. ಮೊದಲು ಗೊಂದಲ, ಆಮೇಲೆ ಜೋಡಿ, ಆಮೇಲೆ ತಾಳ. ಈ ಕ್ರಮ ಒಮ್ಮೆಯೂ ತಪ್ಪಲಿಲ್ಲ. ಆದರೆ ಗೊಂದಲದ ಹೊತ್ತಿನಲ್ಲಿ ಬಿದ್ದ ಹನಿಗಳಿದ್ದವಲ್ಲ, ಅವು ಮಾತ್ರ ಒಂದು ಸಲ ಬಿದ್ದಂತೆ ಇನ್ನೊಂದು ಸಲ ಬೀಳಲಿಲ್ಲ. ಅದೇ ಡಬ್ಬಿ, ಅದೇ ಬಾವಿಯ ನೀರು, ಅದೇ ದರ್ಭೆ.

ಇದಕ್ಕೆ ಕಾರಣವನ್ನು ಈಗ ಎರಡು ಮಾತಿನಲ್ಲಿ ಹೇಳಬಹುದು. ಹನಿ ಕಳಚಿ ಬಿದ್ದ ಮೇಲೆ ತುದಿಯಲ್ಲಿ ಉಳಿದ ನೀರು ಸುಮ್ಮನೆ ನಿಲ್ಲುವುದಿಲ್ಲ. ಮೇಲಕ್ಕೆ ಜಗ್ಗಿ ತೂಗಾಡುತ್ತದೆ. ನಿಧಾನವಾಗಿ ಬೀಳುವಾಗ ಆ ತೂಗಾಟ ನಿಂತ ಮೇಲೆಯೇ ಮುಂದಿನ ಹನಿ ತುಂಬಿಕೊಳ್ಳುತ್ತದೆ, ಆದ್ದರಿಂದ ಪ್ರತಿ ಹನಿಗೂ ಒಂದೇ ಆರಂಭ. ಬೇಗ ಬೀಳುವಾಗ ತೂಗಾಟ ನಿಲ್ಲುವ ಮೊದಲೇ ಮುಂದಿನದು ತಯಾರಾಗುತ್ತದೆ. ಹಿಂದಿನ ಹನಿ ಬಿಟ್ಟುಹೋದ ಅಲುಗಾಟ ಮುಂದಿನದರ ಹಣೆಬರಹ ಬರೆಯುತ್ತದೆ, ಅದು ಅದರ ಮುಂದಿನದರದ್ದು. ಮೊದಲ ಹನಿಯಲ್ಲಿ ಕಣ್ಣಿಗೆ ಕಾಣದ ವ್ಯತ್ಯಾಸ ಇದ್ದರೂ ಸಾಕು, ಅದು ಹನಿಯಿಂದ ಹನಿಗೆ ಬೆಳೆದು ಸ್ವಲ್ಪ ಹೊತ್ತಿನಲ್ಲಿ ಎಲ್ಲವನ್ನೂ ಬೇರೆಯೇ ಮಾಡಿಬಿಡುತ್ತದೆ. ನಿಯಮ ಎಲ್ಲಿಯೂ ಮುರಿದಿಲ್ಲ. ನಿಯಮ ಇದ್ದರೂ ಮುಂದೇನು ಎಂದು ಹೇಳಲು ಬರುವುದಿಲ್ಲ. ಕೇಯಾಸ್ ಅನ್ನುವುದು ಇಷ್ಟೇ.

ನಂಬದವರು ಮನೆಯಲ್ಲೇ ಲೆಕ್ಕ ಹಾಕಿ ನೋಡಲಿ. ಒಂದಕ್ಕಿಂತ ಚಿಕ್ಕದಾದ ಒಂದು ಸಂಖ್ಯೆ ತೆಗೆದುಕೊಳ್ಳಿ, 0.3 ಎನ್ನಿ. ಅದನ್ನು ಒಂದರಿಂದ ಕಳೆಯಿರಿ, 0.7. ಎರಡನ್ನೂ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ, 0.84. ಈ 0.84ನ್ನು ಹಿಡಿದು ಮತ್ತೆ ಅದನ್ನೇ ಮಾಡಿ, ಮಾಡುತ್ತಲೇ ಹೋಗಿ. ಇನ್ನೊಂದು ಕಾಗದದಲ್ಲಿ 0.301ರಿಂದ ಶುರುಮಾಡಿ. ಮೊದಮೊದಲು ಎರಡೂ ಅಕ್ಕತಂಗಿಯರ ಹಾಗೆ ಜೊತೆಗೇ ಹೋಗುತ್ತವೆ. ಹತ್ತನೆಯ ಸಲಕ್ಕೆ ಒಂದು 0.04ರ ಹತ್ತಿರ ಬಿದ್ದಿರುತ್ತದೆ, ಇನ್ನೊಂದು 0.62ಕ್ಕೆ ಏರಿರುತ್ತದೆ. ಇಲ್ಲಿ ಯಾವ ಕೊಳೆ ಇದೆ, ಯಾವ ಮೈಲಿಗೆ ಇದೆ? ಆ ಪ್ರೊಫೆಸರರಿಗೆ ಇದನ್ನು ಮಾಡಿ ತೋರಿಸುವ ಆಸೆ ನನಗೆ ಬಹಳ ದಿನ ಇತ್ತು, ಅವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಆಕಾಶದ್ದೂ ಇದೇ ಜಾತಿಯ ಲೆಕ್ಕ. ಗ್ರಹಣವನ್ನು ವರ್ಷಗಳ ಮೊದಲೇ ಹೇಳಬಹುದು, ಇನ್ನೊಂದು ತಿಂಗಳಿಗೆ ಮಳೆ ಯಾವ ದಿನ ಬರುತ್ತದೆ ಎಂದು ಯಾರ ಅಪ್ಪನಿಗೂ ಹೇಳಲಾಗುವುದಿಲ್ಲ. ಆದರೆ ಆ ವರ್ಷ ನಮ್ಮೂರಿನವರಿಗೆ ಮಳೆ ಯಾಕೆ ಬಂದಿಲ್ಲ ಎನ್ನುವುದಕ್ಕೆ ಒಬ್ಬ ಮನುಷ್ಯ ಬೇಕಾಗಿದ್ದ, ಅಪ್ಪಯ್ಯ ಸಿಕ್ಕಿದ.

ಅವತ್ತು ಹಿತ್ತಲಲ್ಲಿ ಮತ್ತೊಮ್ಮೆ ಡಬ್ಬಿ ತುಂಬಿಸಿ ಕಿವಿಗೊಟ್ಟು ಕೂತಿದ್ದೆ. ಜೋಡಿ ಹನಿ ಮುಗಿದು ತಾಳ ಹಿಡಿಯುವ ಹೊತ್ತಿಗೆ ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ಅಪ್ಪಯ್ಯ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನ ಬಲಗೈ ಬೆರಳು ತೊಡೆಯ ಮೇಲೆ ಹನಿಗೆ ಸರಿಯಾಗಿ ತಾಳ ಹಾಕುತ್ತಿತ್ತು.

"ನೋಡ್ದ್ಯಾ ಅಪ್ಪಯ್ಯ?" ನಾನು ಖುಷಿಯಿಂದ ಎದ್ದೆ. "ನಿನ್ನ ತಪ್ಪು ಎಂತದೂ ಇಲ್ಲೆ. ಪಾತ್ರೆ ಎತ್ತರ ಆತು, ಅಷ್ಟೇಯ. ಹೊಸ ಪಾತ್ರೆಗೆ ಅರ್ಧವೇ ನೀರು ಹಾಕು, ಸರಿ ಆಗ್ತು."

"ದೇವ್ರ ತಲೆ ಮೇಲೆ ಅರ್ಧ ಪಾತ್ರೆ ತೂಗಲೆ ಆಗ್ತಾ?"

"ಹಂಗಾದ್ರೆ ಹಳೇ ಪಾತ್ರೆಯನ್ನೇ ಕಟ್ಟು. ಬಚ್ಚಲಲ್ಲೇ ಇದ್ದು."

"ನೀ ಸುಮ್ನಿರು ಕೂಸೆ. ಆನು ಕಟ್ಟಿದ ಧಾರೆ ಇಷ್ಟು ವರ್ಷ ಬಿದ್ದಿದ್ದು ಡಬ್ಬಿ ಲೆಕ್ಕದಲ್ಲಿ ಅಲ್ಲ." ಇಷ್ಟು ಹೇಳಿ ಕಾಲೆತ್ತಿ ಡಬ್ಬಿಯನ್ನು ಒದ್ದ. ಹಗ್ಗ ಹರಿದು ಡಬ್ಬಿ ಬೇಲಿಗೆ ಹೋಗಿ ಬಿತ್ತು, ಉಳಿದ ನೀರೆಲ್ಲ ಚೆಲ್ಲಿತು. ಬಾವಿ ಬತ್ತುತ್ತಿದ್ದ ಆ ದಿನಗಳಲ್ಲಿ ಅಷ್ಟು ನೀರು ಚೆಲ್ಲುವುದೆಂದರೆ ಆಯಿ ಜಗಳಕ್ಕೇ ನಿಲ್ಲುತ್ತಿದ್ದಳು. ಅವತ್ತು ಬಂದು ಬೇಲಿಯಿಂದ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಮಧ್ಯಾಹ್ನ ದೇವಸ್ಥಾನದ ಕಟ್ಟೆಯಲ್ಲಿ ಸಭೆ ಸೇರಿತು. ಮೊಕ್ತೇಸರರು ಕಂಬಕ್ಕೆ ಬೆನ್ನು ಕೊಟ್ಟು ಕೂತರು. ಅಪ್ಪಯ್ಯ ನೆಲ ನೋಡುತ್ತ ಎದುರಿಗೆ ಕೂತ. ಹೆಂಗಸರೆಲ್ಲ ಅಂಗಳದಲ್ಲಿ. ಯಾರು ಯಾರೋ ಏನೇನೋ ಹೇಳಿದರು. ಭಟ್ಟರು ಮಗಳನ್ನು ಕಾಲೇಜಿಗೆ ಬಸ್ಸಿನಲ್ಲಿ ಎಲ್ಲರ ಜೊತೆ ಕಳಿಸುತ್ತಾರೆ, ಅವಳು ಮನೆಗೆ ಬಂದು ಎಲ್ಲ ಮುಟ್ಟುತ್ತಾಳೆ, ಇನ್ನು ಮಡಿ ಎಲ್ಲಿಂದ ಬರಬೇಕು ಎಂದು ಒಬ್ಬ ಮುದುಕ ಕುಟುಕಿದ. ನನ್ನ ಮೈಯೆಲ್ಲ ಉರಿಯಿತು. ಆಯಿ ಸೆರಗು ಹಿಡಿದು ಎಳೆದರೂ ನಿಲ್ಲದೆ ಕಟ್ಟೆಯ ಹತ್ತಿರ ಹೋದೆ.

"ನನ್ನದೊಂದು ಮಾತುಂಟು" ಎಂದೆ. "ಹೊಸ ಪಾತ್ರೆಯನ್ನು ನಾಳೆ ಬೇರೆ ಯಾವ ದೇವಸ್ಥಾನದ ಭಟ್ರ ಕೈಯಲ್ಲಾದರೂ ಕಟ್ಟಿಸಿ. ನಿಮಗೆ ಯಾರ ಮಡಿಯ ಮೇಲೆ ನಂಬಿಕೆಯೋ ಅವರನ್ನೇ ಕರೆಸಿ. ಕಂಠದವರೆಗೆ ನೀರು ತುಂಬಿಸಿ. ಅವರು ಕಟ್ಟಿದ್ದೂ ತಾಳ ತಪ್ಪಿದರೆ ತಪ್ಪು ಅಪ್ಪಯ್ಯನದಲ್ಲ. ಅವರದ್ದು ಸರಿಯಾಗಿ ಬಿದ್ದರೆ ನಾವೇ ಮನೆ ಬಿಟ್ಟು ಹೋಗುತ್ತೇವೆ."

ಕಟ್ಟೆಯ ಮೇಲೆ ಎಲ್ಲರೂ ಗಂಡಸರು, ಹುಡುಗಿಯೊಬ್ಬಳು ಎದುರಿಗೆ ನಿಂತು ಮಾತಾಡಿದ್ದೇ ದೊಡ್ಡ ಅಪರಾಧ. ಮುದುಕ ಥೂ ಎಂದ. ಆದರೆ ಮೊಕ್ತೇಸರರು ವ್ಯಾಪಾರದ ಮನುಷ್ಯ. ತಕ್ಕಡಿ ಸರಿ ಇದೆಯೋ ಇಲ್ಲವೋ ಎಂದು ಬೇರೆ ತಕ್ಕಡಿಯಲ್ಲಿ ತೂಗಿ ನೋಡುವ ಮಾತು ಅವರ ತಲೆಗೆ ಹೋಯಿತು. ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ಅವರಿಗೆ ನನ್ನ ಮೇಲೆ ಪ್ರೀತಿಯೇನೂ ಹುಟ್ಟಿರಲಿಲ್ಲ.

"ಬಾಯಿ ಉದ್ದ ನಿಂದು" ಎಂದರು. "ಆದ್ರೆ ಮಾತು ಅಡ್ಡಿಲ್ಲ. ಆತು. ನಾಳೆ ಗೋಕರ್ಣದಿಂದ ಒಬ್ಬರ ಕರೆಸುವ."

ಗೆದ್ದೆವು ಎಂದು ನನಗೆ ಖಾತ್ರಿಯಾಯಿತು. ಗೋಕರ್ಣದವರೇನು, ಕೈಲಾಸದವರು ಬಂದು ಕಟ್ಟಿದರೂ ಆ ಪಾತ್ರೆಯಲ್ಲಿ ತಾಳ ಬೀಳುವುದಿಲ್ಲ. ಆಯಿಯ ಮುಖ ನೋಡಿದೆ, ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಜೀವ ಬಂದಿತ್ತು. ಜನ ಏಳತೊಡಗಿದರು.

"ಯಾರನ್ನೂ ಕರೆಸೂದು ಬೇಡ" ಅಪ್ಪಯ್ಯ ಹೇಳಿದ.

ಎದ್ದವರು ನಿಂತರು.

"ತಪ್ಪು ನನ್ನದೇ. ಜಪ ಶುರುವಾದ ದಿನ ನನಗೆ ಜ್ವರ ಇತ್ತು. ಮೀಯದೆ ಒಳಗೆ ಹೋಗಿದ್ದೆ. ಎರಡನೇ ದಿನವೂ ಹಾಗೇ. ದೇವರು ಅದಕ್ಕೇ ತೋರಿಸಿಕೊಟ್ಟ." ಜಪ ಮಾಡುವಷ್ಟೇ ಸ್ಪಷ್ಟವಾಗಿ ಹೇಳಿದ.

"ಎಂತ ಹೇಳ್ತ್ರಿ ನಿಂಗ?" ಆಯಿ ಅಂಗಳದಿಂದಲೇ ಕೂಗಿದಳು. ಹತ್ತು ಜನರೆದುರು ಗಂಡನ ಮಾತಿಗೆ ಅವಳು ಎದುರಾಡಿದ್ದು ಅದೊಂದೇ ಸಲ. "ಅವತ್ತು ನಿಂಗ ಮಿಂದಿದ್ರಿ. ಬಾವಿಯಲ್ಲಿ ನೀರಿಲ್ಲೆ ಹೇಳಿ ಗುಡ್ಡದ ಕೆರೆಯಿಂದ ಹೊತ್ತು ತಂದವಳು ಆನು."

ಅಪ್ಪಯ್ಯ ಅವಳ ಕಡೆ ತಿರುಗಲೂ ಇಲ್ಲ. ಭಟ್ಟನೇ ತನ್ನ ಬಾಯಿಂದ ತಪ್ಪು ಒಪ್ಪಿಕೊಂಡ ಮೇಲೆ ಹೆಂಡತಿಯ ಮಾತು ಯಾರು ಕೇಳುತ್ತಾರೆ? ಗಂಡನನ್ನು ಉಳಿಸಿಕೊಳ್ಳಲು ಹೇಳುತ್ತಾಳೆ ಎಂದರು. ಮೊಕ್ತೇಸರರಿಗೆ ಒಳಗೊಳಗೇ ನಿರಾಳವಾಗಿರಬೇಕು. ತಂದೆಯ ಹೆಸರಿನ ಪಾತ್ರೆ ಉಳಿಯಿತು. ತಿಂಗಳು ಮುಗಿಯುವುದರೊಳಗೆ ಮನೆ ಬಿಟ್ಟುಕೊಡಿ ಎಂದು ಸಮಾಧಾನದಲ್ಲೇ ಹೇಳಿ ಹೋದರು. ಆ ವಾರವೇ ಮಳೆ ಹಿಡಿಯಿತು. ತಪ್ಪು ಒಪ್ಪಿಕೊಂಡಿದ್ದಕ್ಕೆ ದೇವರು ಒಲಿದ ಎಂದು ಊರೆಲ್ಲ ಹೇಳಿತು. ಆ ಮಳೆಯನ್ನು ನಾನು ಬೈದಷ್ಟು ಇನ್ನಾವುದನ್ನೂ ಬೈದಿಲ್ಲ.

ಹೋಗಲು ಇದ್ದದ್ದು ಭಟ್ಕಳ. ಅಲ್ಲಿ ಸೋದರಮಾವ ಮದುವೆ ಮುಂಜಿಗೆ ಅಡುಗೆ ಹಿಡಿಯುತ್ತಿದ್ದ, ಅಪ್ಪಯ್ಯನನ್ನು ಜೊತೆಗೆ ಹಾಕಿಕೊಳ್ಳುತ್ತೇನೆ ಎಂದ. ನನ್ನ ಕಾಲೇಜು ಅಲ್ಲಿಗೇ ನಿಂತಿತು. ಮುಂದೆ ಮದುವೆಗೆ ಒಪ್ಪದೆ, ಹಟ ಹಿಡಿದು, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿ ಮಾಸ್ತರಿಕೆ ಹಿಡಿದೆ, ಅದು ಬೇರೆ ಮಾತು.

ಹೊನ್ನಾವರದಲ್ಲಿ ಶರಾವತಿಗೆ ಆಗ ಸೇತುವೆ ಇರಲಿಲ್ಲ. ಬಸ್ಸಿಳಿದು, ಗಂಟುಮೂಟೆ ಹೊತ್ತು ಲಾಂಚಿನಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಭಟ್ಕಳದ ಬಸ್ಸು ಹಿಡಿಯಬೇಕು. ಮಳೆ ಬಿಟ್ಟು ಹೊಳವಾಗಿತ್ತು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಲಾಂಚಿನ ಹಿಂಭಾಗದ ಹಲಗೆಗಳ ಮೇಲೆ ಮೀನು ಮಾರುವ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು, ನಾವು ಮೂವರು ಮುಂದಿನ ಮೂಲೆಯಲ್ಲಿ ನಮ್ಮ ಪಾತ್ರೆಯ ಗಂಟುಗಳ ನಡುವೆ ನಿಂತಿದ್ದೆವು. ಅಪ್ಪಯ್ಯ ಸಭೆಯ ದಿನದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದ. ನಾನೂ ಬಿಟ್ಟಿದ್ದೆ. ಲಾಂಚು ನಡುಹೊಳೆಗೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಎಂತಕ್ಕೆ ಸುಳ್ಳು ಹೇಳ್ದೆ ಅಪ್ಪಯ್ಯ? ಆಯಿ ಬೀದಿಗೆ ಬೀಳೂ ಹಂಗಾತು. ಗೋಕರ್ಣದವ್ರು ಕಟ್ಟಿದ್ರೂ ತಪ್ತಿತ್ತು ಹೇಳಿ ನಿಂಗೆ ಗೊತ್ತಿತ್ತು. ಡಬ್ಬಿ ನೋಡಿದ್ದೆ ನೀನು."

"ಗೊತ್ತಿದ್ದು" ಎಂದ. "ಅವ್ರು ಕಟ್ಟಿದ್ರೂ ತಪ್ತಿತ್ತು. ಯಾರು ಕಟ್ಟಿದ್ರೂ ತಪ್ತಿತ್ತು. ಹಂಗಾದ್ರೆ ಇಷ್ಟು ವರ್ಷ ಸರಿ ಬಿದ್ದಿದ್ದು ಎಂತಕ್ಕೆ? ಚಳಿಯಲ್ಲಿ ತಣ್ಣೀರು ಮಿಂದು, ಒಪ್ಪತ್ತು ಉಂಡು, ಯಾರನ್ನೂ ಮುಟ್ಟದೆ ಬದುಕಿದ್ದಿ ಆನು. ಅದಕ್ಕೆ ಬಿದ್ದಿದ್ದು ಅಲ್ದಾ? ಬರೀ ಪಾತ್ರೆ ಸಣ್ಣ ಇತ್ತು ಹೇಳಿ ಬಿದ್ದಿದ್ದಾ?"

ಅವನು ಏನು ಕೇಳುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಧಾರೆ ಬಿದ್ದದ್ದು ತನ್ನ ಮಡಿಯಿಂದ ಎಂದು ನಂಬಲು ಅವನು ಮನೆಯನ್ನೇ ಬಿಟ್ಟುಕೊಟ್ಟು ಬಂದಿದ್ದ. ಆದರೆ ಆಯಿ ಎಲ್ಲ ಪಾತ್ರೆಗಳನ್ನು ಒಂದು ಹಳೆಯ ಸೀರೆಯಲ್ಲಿ ಕಟ್ಟಿ ಎದೆಗವಚಿಕೊಂಡು ನಿಂತಿದ್ದಳು, ನನ್ನ ಪುಸ್ತಕಗಳನ್ನು ಅಲ್ಲೇ ಯಾರಿಗೋ ಕೊಟ್ಟು ಬಂದಿದ್ದೆ, ಎದೆಯಲ್ಲಿ ಸಿಟ್ಟು ಕುದಿಯುತ್ತಿತ್ತು. ಇವತ್ತು ಕೇಳಿದರೂ ನನ್ನ ಉತ್ತರ ಅವತ್ತು ಕೊಟ್ಟದ್ದೇ.

"ಹೌದು" ಎಂದೆ. "ಪಾತ್ರೆ ಸಣ್ಣ ಇತ್ತು. ಅಷ್ಟೇಯ."

ಅಪ್ಪಯ್ಯ ತಲೆಯಾಡಿಸಿದ. ಗಂಟುಗಳನ್ನು ದಾಟಿ ಲಾಂಚಿನ ಹಿಂದಕ್ಕೆ ನಡೆದುಹೋದ. ಮೀನಿನ ಬುಟ್ಟಿಗಳ ನಡುವೆ ಒಂದಿಷ್ಟು ಜಾಗ ಇತ್ತು, ಅಲ್ಲಿ ಹಲಗೆಯ ಮೇಲೆ ಕೂತ. ಬುಟ್ಟಿಯಿಂದ ನೀರು ಇಳಿದು ಅವನ ಪಂಚೆ ಒದ್ದೆಯಾಗತೊಡಗಿತು. ಪಕ್ಕದ ಹೆಂಗಸು ಗಾಬರಿಯಿಂದ ಬುಟ್ಟಿ ಈಚೆ ಎಳೆದುಕೊಳ್ಳಲು ನೋಡಿದಳು.

"ಭಟ್ರೆ, ಇಲ್ಲೆಲ್ಲ ಕೂರ್ಬೇಡಿ. ಮೀನು ತಾಗ್ತದೆ."

"ತಾಗ್ಲಿ" ಎಂದ ಅಪ್ಪಯ್ಯ.